ಉಳಿಕೆ ಫಿಲಂ ಡಬ್ಬ ತಗೊಳ್ಳಲಾ, ಬೇಡ್ವಾ?

ಅಂತರಗಂಗೆ ಹುಡುಗ: ಕೋಲಾರದಲ್ಲಿ ಎಂಟು ನಿಮಿಷದ ಕಿರುಚಿತ್ರ, ಅಜ್ಜಿಯೊಬ್ಬಳು ಅಂತರಗಂಗೆ ಮೆಟ್ಟಿಲು ಹತ್ತೋ ಕಥೆ. 35 ಎಂಎಂನಲ್ಲೇ ತೆಗೀಬೇಕು ಅಂತ ಹಠ. ಜಾಹೀರಾತು ಶೂಟಿಂಗಲ್ಲಿ ಉಳಿದ ಕೊಡಾಕ್ 500ಟಿ ಫಿಲಂ, 200 ಅಡಿಯ 12 ಡಬ್ಬ, ಹೊಸದರ ಅರ್ಧ ರೇಟಿಗೆ ಸಿಗ್ತಿದೆ. ಒಟ್ಟು 26 ನಿಮಿಷ ಚಿಲ್ಲರೆ ಓಡುತ್ತೆ. ತಗೊಳ್ಳಲಾ?

ತುಮಕೂರು ತಟ್ಟೆಇಡ್ಲಿ: ಡಿಜಿಟಲಲ್ಲಿ ತೆಗಿ ಗುರು. ಗ್ರೇನ್, ಅಂದ್ರೆ ಫಿಲಂನ ಆ ಕಾಳುಕಾಳು, ಬೇಕಾದ್ರೆ ಆಮೇಲೆ ಉದುರಿಸ್ಕೋ, ಚಟ್ನಿಪುಡಿ ಥರ.

ಹಳೇ ಅಸಿಸ್ಟೆಂಟ್: ರೇಟು ಆಮೇಲೆ, ಡಬ್ಬ ಎಲ್ಲಿಟ್ಟಿದ್ರು ಕೇಳು. ಫ್ರಿಜ್ಜಲ್ಲಿದ್ರೆ ಸರಿ. ಶೀಟ್ ಮನೇಲಿ ಎರಡು ಬೇಸಿಗೆ ಕಳೆದಿದ್ರೆ ಫಾಗ್ ಅನ್ನೋ ಮಬ್ಬು ಹಿಡಿದಿರುತ್ತೆ, ಕಪ್ಪು ಬಣ್ಣ ಕಪ್ಪಾಗೇ ಬರಲ್ಲ. 500ರಂಥ ಫಾಸ್ಟ್, ಅಂದ್ರೆ ಕಮ್ಮಿ ಬೆಳಕಲ್ಲೂ ತೆಗೆಯೋ ಫಿಲಂ ಬೇಗ ಕೆಡುತ್ತೆ, ಜಾಸ್ತಿ ಬೆಳಕು ಬೇಡೋ 50ಡಿ ಆಗಿದ್ರೆ ಇಷ್ಟು ಹೆದರಿಸ್ತಿರಲಿಲ್ಲ. ಪ್ರತಿ ಡಬ್ಬದಿಂದ ಹತ್ತಡಿ ಕತ್ತರಿಸಿ ಲ್ಯಾಬಲ್ಲಿ ಟೆಸ್ಟ್ ಮಾಡಿಸು. ಹತ್ತು ವರ್ಷ ಹಳೇದಾದ್ರೆ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಕೊಡು.

ಇನ್ನೊಂದು. ನಾನು ಕೆಲಸಕ್ಕಿದ್ದ ಒಂದು ಸೆಟ್ಟಲ್ಲಿ ಇಂಥದ್ದೇ ಡಬ್ಬ, ಮೇಲೆ ಮಾರ್ಕರಲ್ಲಿ 200 ಅಡಿ ಅಂತ ಬರೆದಿತ್ತು. ಬೆಳಕು ತೂರದ ಚೇಂಜಿಂಗ್ ಬ್ಯಾಗಿನೊಳಗೆ ಫಿಲಂ ಸುತ್ತು ಮುಟ್ಟಿದಾಗಲೇ ಸಣ್ಣದು ಅನ್ನಿಸ್ತು, ಬಾಯಿ ಮುಚ್ಕೊಂಡು ಲೋಡ್ ಮಾಡಿದೆ. ನಾಯಕಿ ಕಣ್ಣಲ್ಲಿ ನೀರು ತುಂಬೋ ಹೊತ್ತಿಗೆ ಕ್ಯಾಮೆರಾ ಮ್ಯಾಗಜಿನ್ನಲ್ಲಿ ಫಿಲಂ ಮುಗಿದು ಪಟಪಟ ಅಂತ ಬಾಲ ಬಡೀತು. ಆ ಬೈಗಳು ಇನ್ನೂ ಕಿವೀಲಿವೆ.

ಅಂತರಗಂಗೆ ಹುಡುಗ: ಕೇಳಿದೆ ಸಾರ್. "ಬೀರುವಲ್ಲಿತ್ತು, ನೆರಳಲ್ಲೇ" ಅಂದ್ರು. ಟೆಸ್ಟಿಗೆ ಒಂದು ಕೊಡಿ ಅಂದ್ರೆ ಹನ್ನೆರಡೂ ಒಟ್ಟಿಗೇ ಅಂತೆ. ನಮ್ಮೂರ ಫೋಟೋ ಸ್ಟುಡಿಯೋದಲ್ಲೇ ತೊಳೆಸಿ ನೋಡಬಹುದಾ?

ಹಳೇ ಅಸಿಸ್ಟೆಂಟ್: ಬೇಡಪ್ಪಾ! ಈ ಫಿಲಂ ಹಿಂಬದಿಯ ಕಾರ್ಬನ್ ಪದರ ಅವರ ಮೆಷಿನ್ನಲ್ಲೆಲ್ಲಾ ಮಸಿ ಮಾಡುತ್ತೆ. ಸಿನಿಮಾ ಲ್ಯಾಬೇ ಬೇಕು.

ನಂದಿ ಮಂಜು: ಲೆಕ್ಕ ಹಾಕ್ರೀ. ಅರ್ಧ ರೇಟಿನ 2400 ಅಡಿ ದುಡ್ಡಿಗೆ ಹೊಸದು 1200 ಅಡಿ ಬರುತ್ತೆ, ಅಂದ್ರೆ ಸೀಲ್ ಒಡೆಯದ 400 ಅಡಿಯ ಮೂರು ಡಬ್ಬ. ತೊಳೆಯೋದು, ಸ್ಕ್ಯಾನು ಎಲ್ಲಾ ಅಡಿ ಲೆಕ್ಕ, ಹಳೇದಕ್ಕೆ ರಿಯಾಯಿತಿ ಇಲ್ಲ. 1200 ಅಡಿ ಆದ್ರೆ ಆ ಖರ್ಚೂ ಅರ್ಧ ಆಗುತ್ತೆ. 13 ನಿಮಿಷ ಸಿಕ್ಕಿತಲ್ಲ, ರೀಟೇಕಿಗೂ ಉಳೀಬೇಕು, ಕಥೇನ ನಾಲ್ಕು ನಿಮಿಷಕ್ಕೆ ಇಳಿಸು.

ತುಮಕೂರು ತಟ್ಟೆಇಡ್ಲಿ: ಇದು ಮಾತು. ಆದ್ರೂ ಡಿಜಿಟಲ್ಲೇ.

ಅಂತರಗಂಗೆ ಹುಡುಗ: ನಾಲ್ಕು ನಿಮಿಷಕ್ಕೆ ಅಜ್ಜಿ ಅರ್ಧ ದಾರೀನೂ ಹತ್ತಲ್ವಲ್ಲ ಸಾರ್.

ಹಳೇ ಅಸಿಸ್ಟೆಂಟ್: ಕೊನೇ ಹತ್ತು ಮೆಟ್ಟಿಲಿಂದ ಶುರು ಮಾಡು.