ಇನ್‌ಟೇಕ್ ಮ್ಯಾನಿಫೋಲ್ಡ್ ಸ್ಪೇಸರ್: ಯಾವ ಶೀಟ್, ಎಷ್ಟು ದಪ್ಪ?

ಪ್ರಶ್ನೆ: ಹಳೆ ಹೋಂಡಾ ಸಿಟಿ ವಿಟೆಕ್, ಟರ್ಬೊ ಇಲ್ಲ, ಅಲ್ಯುಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ ಹೆಡ್‌ಗೆ ಗಾಳಿ ಹಂಚೋ ಕೊಳವೆಗಳು). ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದೆ ನಿಂತು ನಿಂತು ಹತ್ತಿದರೆ ಪಿಕಪ್ ಸಾಯುತ್ತೆ. ಹೆಡ್‌ನ ಬಿಸಿ ಮ್ಯಾನಿಫೋಲ್ಡ್‌ಗೆ ಹತ್ತದ ಹಾಗೆ ಎರಡರ ನಡುವೆ ಕೂರಿಸೋ ಸ್ಪೇಸರ್ ಪ್ಲೇಟನ್ನ ಶಿವಮೊಗ್ಗದಲ್ಲೇ ಮಾಡಿಸಬೇಕು. ಗೊತ್ತಿದ್ದವರು ಹೇಳಿ.

ಉತ್ತರ: ಅಲ್ಯುಮಿನಿಯಂ ಸ್ಪೇಸರ್ ಬೇಡ ಸಾರ್, ಹೆಡ್‌ನ ಬಿಸಿಯನ್ನು ಅದು ಹಾಗೇ ದಾಟಿಸುತ್ತೆ. ಫಿನಾಲಿಕ್ ಶೀಟ್ (ಬಿಸಿ ಅಷ್ಟಾಗಿ ದಾಟಿಸದ ಗಟ್ಟಿ ಹಾಳೆ), ಅಂದ್ರೆ ನಮ್ಮ ಕಡೆ ಹೈಲಮ್ ಅಂತ ಕೇಳಿದರೆ ಸಿಗೋದು, ಅದೇ ಸರಿ. ತ್ರೀಡಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಮುಟ್ಟಲೇಬೇಡಿ, 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತೆ. ಆದರೆ ಮೊದಲು ಏರ್ ಫಿಲ್ಟರ್ ಎಲ್ಲಿಂದ ಗಾಳಿ ಎಳೀತಿದೆ ನೋಡಿ. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಇದ್ದರೆ ರೇಡಿಯೇಟರ್ ಬಿಸಿಗಾಳಿಯೇ ಒಳಹೋಗುತ್ತೆ, ಸ್ಪೇಸರ್ ಅದಕ್ಕೆ ಮದ್ದಲ್ಲ. ಫುಲ್ ಥ್ರಾಟಲ್‌ನಲ್ಲಿ ಗಾಳಿ ಮ್ಯಾನಿಫೋಲ್ಡ್‌ನಲ್ಲಿ ನಿಲ್ಲೋದೇ ಇಲ್ಲ, ಆಗ ಲಾಭ ತೀರಾ ಕಡಿಮೆ. ನಿಧಾನಕ್ಕೆ ಹತ್ತುವಾಗ ಮಾತ್ರ ಸ್ವಲ್ಪ ಗೊತ್ತಾದೀತು.

ಉತ್ತರ: ದಪ್ಪ 6 ಮಿಮೀ ಸಾಕು. ಎರಡೂ ಕಡೆ ಗ್ಯಾಸ್ಕೆಟ್ (ಜಾಯಿಂಟ್ ಸೋರದಂತೆ ಇಡೋ ತೆಳು ಹಾಳೆ) ಬೇಕಾಗೋದರಿಂದ ಮ್ಯಾನಿಫೋಲ್ಡ್ ಸುಮಾರು 7 ಮಿಮೀ ಹೊರಗೆ ಬರುತ್ತೆ. ಮ್ಯಾನಿಫೋಲ್ಡ್ ಹಿಡಿಯೋ ಹಳೆ ಸ್ಟಡ್ (ತಲೆಯಿಲ್ಲದ ಬೋಲ್ಟ್) ಉದ್ದ ಸಾಲದು. ನಟ್ ಪೂರ್ತಿ ಕೂತು ಎರಡು ಮೂರು ಥ್ರೆಡ್ ಆಚೆ ಕಾಣಬೇಕು, ಎಂ8 (8 ಮಿಮೀ) ಸ್ಟಡ್ ಹೆಡ್ ಒಳಗೆ 12 ಮಿಮೀ ಆದರೂ ಹಿಡಿದಿರಬೇಕು. ಎಲ್ಲರೂ ಮರೆಯೋದು ಕೆಳಗಿನ ಸಪೋರ್ಟ್ ಬ್ರಾಕೆಟ್. ಅದರ ತೂತು ಹೊಂದಲ್ಲ. ಎಳೆದು ಬಿಗಿದರೆ ಮ್ಯಾನಿಫೋಲ್ಡ್ ವಾಲಿ ಗ್ಯಾಸ್ಕೆಟ್ ಒಂದು ಬದಿಯಲ್ಲಿ ಬಾಯಿ ಬಿಡುತ್ತೆ. ತೂತನ್ನು ಉದ್ದಕ್ಕೆ ಫೈಲ್ ಮಾಡಿಸಿ. ಥ್ರಾಟಲ್ ಕೇಬಲ್, ಹೋಸ್ ಎಳೆದಂತಾಗಿದೆಯಾ ಅದನ್ನೂ ನೋಡಿ.

ಉತ್ತರ: ಆಟೋ ಕಾಂಪ್ಲೆಕ್ಸ್‌ನಲ್ಲಿ ಕತ್ತರಿಸಲು ಕೊಡುವಾಗ ಹೊಸ ಒರಿಜಿನಲ್ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಕೊಡಿ. ಸ್ಪೇಸರ್‌ನ ಪೋರ್ಟ್ (ಗಾಳಿ ಹೋಗೋ ತೂತು) ಅಂಚು ಒಳಕ್ಕೆ ಚಾಚಿದರೆ ಗಾಳಿಗೆ ಮೆಟ್ಟಿಲು ಅಡ್ಡ ಬಂದ ಹಾಗೆ, ಅರ್ಧ ಮಿಮೀ ದೊಡ್ಡದಿದ್ದರೆ ತೊಂದರೆ ಇಲ್ಲ. ಗ್ಯಾಸ್ಕೆಟ್‌ನಲ್ಲಿ ಕೂಲಂಟ್ ತೂತು ಇದ್ದರೆ ಸ್ಪೇಸರ್‌ನಲ್ಲೂ ಇರಲೇಬೇಕು, ಬಿಚ್ಚುವ ಮೊದಲು ಕೂಲಂಟ್ ಇಳಿಸಿ. ಶೀಟ್ ಸೊಟ್ಟ ಇದೆಯಾ ಅಂತ ಸ್ಟೀಲ್ ಸ್ಕೇಲ್ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿಗಳು) ಹಾಕಿ, 0.05 ಮಿಮೀ ಪಟ್ಟಿ ನುಸುಳಿದರೂ ವಾಪಸ್ ಕೊಡಿ. ನಟ್‌ಗಳನ್ನು ನಡುವಿಂದ ಹೊರಗೆ, ಮೂರು ಸುತ್ತಲ್ಲಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆ) ಬಿಗಿಯಿರಿ. ಹೆಚ್ಚಾದರೆ ಹೈಲಮ್ ಬಿರುಕು ಬಿಡುತ್ತೆ. ಎರಡು ದಿನ ಓಡಿಸಿ, ಎಂಜಿನ್ ತಣ್ಣಗಿದ್ದಾಗ ಮತ್ತೆ ಟಾರ್ಕ್ ನೋಡಿ.

ಉತ್ತರ: ಹಾಕಿದ ಮೇಲೆ ಐಡ್ಲಿಂಗ್ ಏರಿಳಿದರೆ ಎಲ್ಲೋ ಗಾಳಿ ಎಳೀತಿದೆ ಅಂತಲೇ ಲೆಕ್ಕ. ಮಿಶ್ರಣ ಲೀನ್ ಆಗಬಹುದು (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಹಾಗೇ ಘಾಟಿ ಹತ್ತಿಸಬೇಡಿ. ಐಡಲ್‌ನಲ್ಲಿ ಬಿಟ್ಟು ಜಾಯಿಂಟ್ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಆರ್‌ಪಿಎಂ ಬದಲಾದ ಜಾಗದಲ್ಲೇ ಲೀಕ್ ಇದೆ. ಕಾರ್ಬ್ ಕ್ಲೀನರ್ ಬೇಡ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತೆ.