ಬಕೆಟ್ ಸುರಿಯಬೇಡ

*(ಗಾಳ ಹಾಕುವವರ ಗುಂಪಿನ ಹರಟೆ, ಹೆಸರಿನ ಬದಲು ಅವರವರ ಊರು. ನಾಟಿಂಗ್‌ಹ್ಯಾಮ್ ಒಂದು ವಿಡಿಯೋ ಹಾಕಿದ್ದಾರೆ)*

ನಾಟಿಂಗ್‌ಹ್ಯಾಮ್: ನೋಡ್ರಪ್ಪ, ಇಂಗ್ಲೆಂಡಿನ ನಮ್ಮ ಟ್ರೆಂಟ್ ನದಿಯಲ್ಲಿ ಒಬ್ಬ ಮಟಮಟ ಮಧ್ಯಾಹ್ನ ಆರು ಬಾರ್ಬಲ್ ಮೀನು ಹಿಡಿದಿದ್ದಾನೆ! ಒಂದು ಬಕೆಟ್ ಪೆಲೆಟ್ (ಮೀನಿನ ಮೇವಿನ ಗುಳಿಗೆ) ಸುರಿದಿದ್ದಾನೆ, ಅಷ್ಟೇ. ಶನಿವಾರ ನಾನೂ ಹೋಗುತ್ತೇನೆ.

ರೀಡಿಂಗ್: ದಯವಿಟ್ಟು ಹಾಗೆ ಮಾಡಬೇಡ, ಮಧ್ಯಾಹ್ನವಂತೂ ಬೇಡವೇ ಬೇಡ. ಟ್ರೆಂಟ್ ದೊಡ್ಡ ನದಿ, ಅಲ್ಲಿ ನಡೆಯಬಹುದು. ನಾನು ಕೂರುವ ಕೆನೆಟ್ ನದಿಯಲ್ಲಿ ಬೇಸಿಗೆಗೆ ನೀರು ಇಳಿದು ತಳದ ಜಲ್ಲಿಯೇ ಕಾಣುತ್ತದೆ. ಒಮ್ಮೆಗೇ ಸುರಿದರೆ ಮೀನು ಬೆದರುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಬೇಕು, ಆದರೆ ಬಿಡದೆ ಹಾಕಬೇಕು.

ನಾಟಿಂಗ್‌ಹ್ಯಾಮ್: ಏನು ಹಾಕಲಿ ಮತ್ತೆ?

ರೀಡಿಂಗ್: ಹೆಂಪ್ ಬೀಜ. ರಾತ್ರಿ ನೆನೆಹಾಕಿ ಸಣ್ಣ ಉರಿಯಲ್ಲಿ ಬೇಯಿಸು. ಸಿಪ್ಪೆ ಬಿರಿದು ಒಳಗಿನ ಬಿಳಿ ಇಣುಕಿದರೆ ಆಯಿತು. ಜೊಂಡಿನ ಪಕ್ಕದ ಜಲ್ಲಿಗೆ ಒಂದೊಂದೇ ಹಿಡಿ ಹಾಕು. ಗಾಳ ಬಿಡಬೇಡ, ಸುಮ್ನೆ ನೋಡುತ್ತಾ ಕೂರು. ಮೇಯುವ ಬಾರ್ಬಲ್ ಹೊರಳಿದಾಗ ಮಗ್ಗುಲು ಫಳಕ್ಕನೆ ಮಿಂಚುತ್ತದೆ. ಆಮೇಲೆ ಕೊಕ್ಕೆಗೆ ಎರಡು ಸ್ವೀಟ್‌ಕಾರ್ನ್ ಕಾಳು ಸಾಕು.

ಕನಕಪುರ: ನಮ್ಮ ಕಾವೇರಿಯ ಸಂಗಮದ ಕಡೆ ಬಿಳಿಮೀನಿಗೆ (ಮಹಶೀರ್) ರಾಗಿ ಉಂಡೆಯೇ ಎರೆ ಆಗಿತ್ತು. ಈಗ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಅದು ಒಳ್ಳೆಯದೇ ಆಯಿತು, ಆ ಮೀನು ಉಳಿಯಬೇಕಲ್ವಾ.

ರೀಡಿಂಗ್: ಹೌದು. ಬಾರ್ಬಲ್ ಅದರ ನೆಂಟನೇ. ಎರಡೂ ಗೆಂಡೆ ಮೀನಿನ ಕುಟುಂಬ, ಎರಡಕ್ಕೂ ನಾಲ್ಕು ಮೀಸೆ.

ನಾಟಿಂಗ್‌ಹ್ಯಾಮ್: ಎರೆ ವಿಷಯ ಒಪ್ಪಿದೆ. ಮಧ್ಯಾಹ್ನ ಯಾಕೆ ಬೇಡ? ಮಾರ್ಚ್ 15ರಿಂದ ಇಲ್ಲಿ ನದಿಯಲ್ಲಿ ಗಾಳ ಹಾಕುವುದು ಬಂದ್. ಜೂನ್ 16ಕ್ಕೆ ಅಂತ ಮೂರು ತಿಂಗಳು ಕಾದಿದ್ದೇನೆ. ಮಗನಿಗೆ ಮಾತೂ ಕೊಟ್ಟಿದ್ದೇನೆ.

ರೀಡಿಂಗ್: ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹಿಡಿದ ಮೇಲೆ ನಾವು ವಾಪಸ್ ನೀರಿಗೆ ಬಿಡುವ ಬಾರ್ಬಲ್, ಸುಸ್ತಾಗಿ ಬೀಳುವವರೆಗೂ ಎಳೆದಾಡುತ್ತದೆ. ಹೋದ ಜುಲೈನಲ್ಲಿ ಬಿಸಿಲಲ್ಲೇ ಒಂದನ್ನು ಹಿಡಿದೆ. ಬಲೆಯೊಳಗೆ ಅದರ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಮೊಣಕಾಲು ನೀರಲ್ಲೇ ಕೂತೆ. ಕೈ ಸಡಿಲಿಸಿದರೆ ಮಗುಚಿಕೊಳ್ಳುತ್ತಿತ್ತು. ಇಪ್ಪತ್ತು ನಿಮಿಷ ಆದ ಮೇಲೆ ಬಾಲ ಒಮ್ಮೆ ಬಡಿದು ಹೋಯಿತು. ಬದುಕಿತೋ ಇಲ್ಲವೋ, ಇವತ್ತಿಗೂ ಯೋಚನೆ ಇದೆ. ಈ ವಿಡಿಯೋದವನು ಮೀನನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತಿದ್ದಾನೆ. ಬಿಟ್ಟಿದ್ದನ್ನು ತೋರಿಸಿಯೇ ಇಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ನಾಟಿಂಗ್‌ಹ್ಯಾಮ್: ನಾನು ಅದನ್ನು ಗಮನಿಸಲೇ ಇಲ್ಲ ಕಣೋ. ಆದರೆ ಹುಡುಗ?

ರೀಡಿಂಗ್: ಬೆಳಗಿನ ಜಾವ ಕರೆದುಕೊಂಡು ಹೋಗು. ತೆಳು ದಾರ, ಫ್ಲೋಟ್, ಸಣ್ಣ ಕೊಕ್ಕೆಗೆ ಒಂದು ಮ್ಯಾಗಟ್ ಹುಳು. ಡೇಸ್, ರೋಚ್‌ನಂಥ ಸಣ್ಣ ಮೀನು ಸಾಲಾಗಿ ಬರುತ್ತವೆ. ಮಕ್ಕಳಿಗೆ ಅದೇ ಜಾಸ್ತಿ ಖುಷಿ. ಬಿಸಿಲೇರಿದ ಕೂಡಲೇ ಎದ್ದು ಬನ್ನಿ. ಅವನಿಗೆ 13 ತುಂಬಿದ್ದರೆ ಲೈಸೆನ್ಸ್ ಮಾಡಿಸು, ಮಕ್ಕಳಿಗೆ ದುಡ್ಡಿಲ್ಲ.

ನಾಟಿಂಗ್‌ಹ್ಯಾಮ್: ಇನ್ನೂ 12. ಹೆಂಪ್ ಎಷ್ಟು ಹೊತ್ತು ಬೇಯಬೇಕು?

ರೀಡಿಂಗ್: ಅರ್ಧ ಗಂಟೆ ಆದ ಮೇಲೆ ಮುಚ್ಚಳ ತೆಗೆದು ನೋಡುತ್ತಿರು.