‘ಆಬಿಟರ್ ಡಿಕ್ಟಾ’ಗೆ ‘ಸಾಂದರ್ಭಿಕ ಮಾತು’ ಅನ್ನಬಹುದೇ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ತೀರ್ಪು ಬರೆಯುವಾಗ ನ್ಯಾಯಾಧೀಶರು ಜೊತೆಗೆ ಹೇಳಿಹೋಗುವ, ಆದರೆ ತೀರ್ಪಿಗೆ ಬೇಕೇ ಬೇಕು ಅಂತಿಲ್ಲದ ಮಾತಿಗೆ ಕಾನೂನಿನಲ್ಲಿ ‘ಆಬಿಟರ್ ಡಿಕ್ಟಾ’ ಅನ್ನುತ್ತಾರೆ. ಅದಕ್ಕೆ ಕನ್ನಡ ಪದ ಹುಡುಕುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ವಕೀಲಿ ಮಾಡುತ್ತೇನೆ. ಇಂಗ್ಲಿಷ್ ತೀರ್ಪುಗಳನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು ನನಗೆ ದಿನದ ಕೆಲಸ.

ಹೋದ ವಾರ ಜಗಳೂರು ಕಡೆಯ ರೈತರೊಬ್ಬರು ಬಂದಿದ್ದರು. ಅವರ ಹೊಲಕ್ಕೆ ಹೋಗುವ ಬಂಡಿದಾರಿಗೆ ಪಕ್ಕದವರು ಬೇಲಿ ಹಾಕಿದ್ದಾರೆ. ಪಹಣಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪೇಪರ್ ಕಟಿಂಗ್, ನಾಲ್ಕು ಮಡಿಕೆ. ಹೊಲಕ್ಕೆ ದಾರಿ ಇರಬೇಕು ಅಂತ ಹೈಕೋರ್ಟ್ ಹೇಳಿದ ಸುದ್ದಿ. ‘ಕೋರ್ಟೇ ಹೇಳೈತಲ್ಲ ಸಾರ್, ಇನ್ನೇನು ಬೇಕು?’ ಅಂದರು.

ತೀರ್ಪು ತೆಗೆಸಿ ಓದಿದೆ. ಮೇಲ್ಮನವಿ ತಡವಾಗಿ ಹಾಕಿದ್ದಕ್ಕೆ ವಜಾ ಆಗಿತ್ತು, ಅಷ್ಟೇ. ದಾರಿಯ ವಿಷಯ ಕೊನೆಯ ಪುಟದಲ್ಲಿ ಎರಡು ಸಾಲು. ಆ ಎರಡು ಸಾಲು ತೆಗೆದರೂ ತೀರ್ಪು ಹಾಗೇ ನಿಲ್ಲುತ್ತದೆ. ಇಂಥ ಮಾತಿಗೇ ಆಬಿಟರ್ ಡಿಕ್ಟಾ ಅನ್ನುವುದು. ಒಂದೇ ಮಾತಾದರೆ ಡಿಕ್ಟಮ್. ತೀರ್ಪು ಯಾವ ಕಾರಣದ ಮೇಲೆ ನಿಂತಿದೆಯೋ ಅದು ರೇಷಿಯೋ ಡಿಸಿಡೆಂಡಿ. ಕೆಳಗಿನ ಕೋರ್ಟುಗಳು ಪಾಲಿಸಲೇಬೇಕಾದ್ದು ಅದನ್ನು.

ಇದನ್ನು ಅವರಿಗೆ ಹೇಳಲು ಹೊರಟಾಗ ನನ್ನ ಹತ್ತಿರ ಪದವೇ ಇರಲಿಲ್ಲ. ‘ಪ್ರಾಸಂಗಿಕ ಅಭಿಪ್ರಾಯ’ ಅಂದೆ. ಅವರ ಮುಖ ನೋಡಿದರೆ ‘ಅಧಿಕಪ್ರಸಂಗ’ ಅಂತ ಕೇಳಿಸಿಕೊಂಡ ಹಾಗಿತ್ತು. ಅದೂ ಅಲ್ಲದೆ ಹಿಂದಿಯಲ್ಲಿ ‘ಪ್ರಾಸಂಗಿಕ್’ ಅಂದರೆ ಪ್ರಸ್ತುತವಾದದ್ದು. ಆ ಅರ್ಥ ಈಗ ನಮ್ಮಲ್ಲೂ ನುಸುಳುತ್ತಿದೆ. ಹಿಂದಿಯವರ ‘ಇತರೋಕ್ತಿ’ ಚಿಕ್ಕದಾಗಿದೆ, ಆದರೆ ಬಿಡಿಸಿ ಹೇಳದೆ ಅರ್ಥವಾಗದು. ‘ಷರಾ’ ಅನ್ನೋಣವೇ? ಊರಿನವರೆಲ್ಲ ಬಲ್ಲ ಪದ. ಆದರೆ ಸಾಹೇಬರು ಕಡತದ ಮೇಲೆ ಷರಾ ಬರೆದರೆ ಕೆಲಸ ಆಗುತ್ತದೆ ಅಥವಾ ನಿಲ್ಲುತ್ತದೆ. ನಮಗೆ ಬೇಕಾದ್ದು ಅದಕ್ಕೆ ಪೂರ್ತಿ ಉಲ್ಟಾ.

ಲ್ಯಾಟಿನ್ನಿನಲ್ಲಿ ‘ಇಟರ್’ ಅಂದರೆ ದಾರಿ. ದಾರಿಯಲ್ಲಿ ಹೋಗ್ತಾ ಆಡಿದ ಮಾತು, ನಾವು ‘ಅಂದಹಾಗೆ’ ಅಂತೀವಲ್ಲ, ಹಾಗೆ. ‘ಹಾದಿಮಾತು’ ಅನ್ನಬಹುದಿತ್ತು. ಆದರೆ ಹಾದಿಬೀದಿಯ ಮಾತು ಅನ್ನಿಸಿ ನ್ಯಾಯಾಧೀಶರಿಗೆ ಅಗೌರವ ಆದೀತು. ನನಗದು ಬೇಡ.

ಕೊನೆಗೆ ದಾರಿ ತೋರಿಸಿದ್ದು ಆ ಕಟಿಂಗೇ. ಸುದ್ದಿಯ ಜೊತೆ ಎತ್ತಿನ ಗಾಡಿಯ ಫೋಟೋ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’. ‘ಯಜಮಾನ್ರೇ, ಈ ಗಾಡಿ ಆ ಕೇಸಿನವರದ್ದಾ?’ ಅಂತ ಕೇಳಿದೆ. ‘ಅಲ್ಲ ಬಿಡ್ರಿ, ಸುಮ್ನೆ ಹಾಕಿರ್ತಾರೆ, ವಿಷಯ ತಿಳೀಲಿ ಅಂತ’ ಅಂದರು. ‘ಜಡ್ಜ್ ಸಾಹೇಬರ ಮಾತೂ ಹಂಗೇ, ಸಾಂದರ್ಭಿಕ ಮಾತು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಮ್ಮ ದಾರಿ ನಾವೇ ಸಾಬೀತು ಮಾಡ್ಬೇಕು’ ಅಂದರು. ಅರ್ಥವಾಗಿತ್ತು.

ಹಾಗಂತ ಈ ಮಾತುಗಳು ಹಗುರ ಅಂತಲ್ಲ. ಸುಪ್ರೀಂ ಕೋರ್ಟಿನ ಸಾಂದರ್ಭಿಕ ಮಾತಿಗೂ ಹೈಕೋರ್ಟುಗಳು ತುಂಬಾ ಬೆಲೆ ಕೊಡುತ್ತವೆ. ಇಂಗ್ಲೆಂಡಿನಲ್ಲಿ 1947ರ ಹೈ ಟ್ರೀಸ್ ಪ್ರಕರಣ ನೋಡಿ. ಯುದ್ಧದ ಕಾಲಕ್ಕೆ ಫ್ಲ್ಯಾಟುಗಳ ವರ್ಷದ ಬಾಡಿಗೆಯನ್ನು 2,500 ಪೌಂಡಿನಿಂದ 1,250ಕ್ಕೆ ಇಳಿಸಿದ್ದರು. ಮಾಲೀಕ ಕಂಪನಿ ಪೂರ್ತಿ ಬಾಡಿಗೆ ಕೇಳಿದ್ದು 1945ರ ಕೊನೆಯ ಆರು ತಿಂಗಳಿಗೆ. ಅದು ಸಿಕ್ಕಿತು ಕೂಡ. ಯುದ್ಧದ ವರ್ಷಗಳ ಬಾಕಿ ಕೇಳಿದ್ದರೆ ಸಿಗುತ್ತಿರಲಿಲ್ಲ, ಕೊಟ್ಟ ಮಾತಿನಿಂದ ಹಿಂದೆ ಸರಿಯುವಂತಿಲ್ಲ ಅಂತ ನ್ಯಾಯಾಧೀಶ ಡೆನ್ನಿಂಗ್ ಸೇರಿಸಿದರು. ಅದನ್ನು ಯಾರೂ ಕೇಳಿರಲಿಲ್ಲ. ಇವತ್ತು ಆ ಪ್ರಕರಣಕ್ಕೆ ಹೆಸರಿರುವುದೇ ಆ ಮಾತಿನಿಂದ. ಆದ್ದರಿಂದ ‘ಅಪ್ರಸ್ತುತ’, ‘ಅನಗತ್ಯ’ ಅಂತ ಅನುವಾದಿಸುವುದು ತಪ್ಪು.

ವಿಚಾರಣೆ ವೇಳೆ ನ್ಯಾಯಾಧೀಶರು ಬಾಯಿಮಾತಲ್ಲಿ ಹೇಳುವುದು ಇನ್ನೂ ಬೇರೆ. ಅದು ತೀರ್ಪಿನೊಳಗೆ ಇರುವುದೇ ಇಲ್ಲ. ಪತ್ರಿಕೆಗಳು ಮೂರಕ್ಕೂ ‘ಹೈಕೋರ್ಟ್ ಹೇಳಿದೆ’ ಅಂತಲೇ ಬರೆಯುತ್ತವೆ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಆ ಒಂದು ‘ಹೇಳಿದೆ’ ನಂಬಿಕೊಂಡು ಜನ ಬಸ್ ಹತ್ತಿ ಬರುತ್ತಾರೆ. ‘ತೀರ್ಪಿತ್ತಿದೆ’, ‘ಸಾಂದರ್ಭಿಕವಾಗಿ ಹೇಳಿದೆ’, ‘ವಿಚಾರಣೆ ವೇಳೆ ಹೇಳಿದೆ’ ಅಂತ ಬೇರೆ ಮಾಡಿ ಬರೆಯಬಹುದಲ್ವಾ?

‘ಸಾಂದರ್ಭಿಕ ಮಾತು’ ನಿಮಗೆ ಒಪ್ಪಿಗೆಯೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ರೇಷಿಯೋಗೆ ಸದ್ಯ ‘ತೀರ್ಪಿನ ಆಧಾರ’ ಅನ್ನುತ್ತಿದ್ದೇನೆ. ಆದರೆ ‘ಆಧಾರ’ ಅಂದ ತಕ್ಷಣ ಜನ ಜೇಬಿನಿಂದ ಕಾರ್ಡ್ ತೆಗೆಯುತ್ತಾರೆ. ಅದಕ್ಕೂ ಒಂದು ಪದ ಬೇಕು.